ಹಲ್ಲು ಕೀಳಿಸುವ ಮುಂಚೆ, ಕೀಳಿಸಿದ ಮೇಲೆ



ಈ ಸಲ ಅರಳು ಸಂಡಿಗೆ ಮತ್ತು ಬಾಳಕದ ಮೆಣಸಿನಕಾಯಿ ಮಾಡುವ ವಿಧಾನ ಬರೆಯುತ್ತೇನೆಂದು ಕಳೆದ ಸಂಚಿಕೆಯಲ್ಲಿ ಮಾತು ಕೊಟ್ಟಿದ್ದೆ. ಆದರೆ ಏನು ಮಾಡಲಿ, ನಮ್ಮ ಮನೆಯಲ್ಲಿ ಈಗ ಸಂಡಿಗೆ ಕಡಿಯುವ ಸ್ಥಿತಿಯಲ್ಲಿ ಯಾರೂ ಇಲ್ಲ! ಅತ್ತೆಯವರ ಕೆಳದವಡೆಯ ಹಲ್ಲೊಂದನ್ನು ಮೂರು ವಾರದ ಹಿಂದೆ ಕೀಳಿಸಿಕೊಂಡು ಬಂದೆವು. ಅವರದು ಮುಗಿಯಿತು ಅನ್ನುವಷ್ಟರಲ್ಲಿ ನನ್ನದು ಶುರುವಾಗಿದೆ. ಎಣ್ಣೆ ಬಾಣಲೆ ಮೇಲಕ್ಕೆ ಹೋಗಿ, ಗಂಜಿ ಪಾತ್ರೆ ಕೆಳಕ್ಕೆ ಇಳಿದಿದೆ.

ಇದೇ ಹೊತ್ತಿಗೆ ತಿಪಟೂರಿನ ಸೋದರಿಯೊಬ್ಬರ ಕಾಗದವೂ ಬಂತು. ವಯಸ್ಸು ಮೂವತ್ತಮೂರಂತೆ. ಕೆಳಗಿನ ದವಡೆ ಹಲ್ಲು ಹುಳುಕಾಗಿ ರಾತ್ರಿಯೆಲ್ಲ ನಿದ್ದೆಯಿಲ್ಲವಂತೆ. "ಒಬ್ಬ ಡಾಕ್ಟರು ಕೀಳಿಸಿಬಿಡಿ ಅಂದರು, ಇನ್ನೊಬ್ಬರು ಉಳಿಸಬಹುದು ಅಂದರು. ಉಳಿಸುವುದಕ್ಕೆ ಖರ್ಚು ಜಾಸ್ತಿ. ಒಂದು ಹಲ್ಲಿಗೆ ಅಷ್ಟು ದುಡ್ಡೇ, ಬಾಯಲ್ಲಿ ಇನ್ನೂ ಇಪ್ಪತ್ತೇಳಿವೆಯಲ್ಲ ಅಂತ ಮನೆಯವರು ಹಾಸ್ಯ ಮಾಡುತ್ತಾರೆ. ಅಕ್ಕಾ, ನಾನೇನು ಮಾಡಲಿ?" ಎಂದು ಕೇಳಿದ್ದಾರೆ.

ಆ ಕಾಗದ ಓದಿ ಸ್ವಲ್ಪ ಹೊತ್ತು ಹಾಗೇ ಕೂತುಬಿಟ್ಟೆ. ಯಾಕೆಂದರೆ ಹದಿನೈದು ವರ್ಷದ ಹಿಂದೆ ನನ್ನ ಕಥೆಯೂ ಇದೇ ಆಗಿತ್ತು. ನನಗಾಗ ಮೂವತ್ತೊಂದು. ಮಗಳು ಮೂರು ವರ್ಷದವಳು. ಮನೆಯಲ್ಲಿ ನಾದಿನಿಯ ಮದುವೆ ಗೊತ್ತಾಗಿತ್ತು. ಎಡಗಡೆ ಕೆಳದವಡೆಯ ಹಲ್ಲಿನಲ್ಲಿ ಒಂದು ಕರೀ ಚುಕ್ಕೆ ಕಾಣಿಸಿಕೊಂಡು ಎರಡು ವರ್ಷವೇ ಆಗಿದ್ದಿರಬೇಕು. ನೋವು ಬಂದಾಗ ಲವಂಗ ಕಚ್ಚಿಕೊಂಡೆ, ಕರ್ಪೂರ ಇಟ್ಟೆ, ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿದೆ. ಕಡೆಗೆ ಒಂದು ರಾತ್ರಿ ಕೆನ್ನೆ ಇಡ್ಲಿ ಹಾಗೆ ಉಬ್ಬಿತು. ಡಾಕ್ಟರು ಎಕ್ಸರೇ ತೆಗೆದು, "ಅಮ್ಮಾ, ಬೇರು ಗಟ್ಟಿಯಾಗಿದೆ, ಉಳಿಸಬಹುದು. ರೂಟ್ ಕೆನಾಲ್ ಮಾಡಿ ಮೇಲೆ ಕ್ಯಾಪ್ ಹಾಕೋಣ, ಮೂರು ನಾಲ್ಕು ಸಲ ಬರಬೇಕಾಗುತ್ತದೆ" ಅಂದರು. ದುಡ್ಡೆಷ್ಟು ಅಂತ ಕೇಳಿದೆ. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆ ದುಡ್ಡಿಗೆ ನಾದಿನಿಗೆ ಕೊಡುವ ಒಂದು ಒಳ್ಳೇ ರೇಷ್ಮೆ ಸೀರೆ ಬರುತ್ತಿತ್ತು. "ಕಿತ್ತುಬಿಡಿ ಸಾರ್" ಅಂದೆ. ನನ್ನನ್ನು ಯಾರೂ ಬಲವಂತ ಮಾಡಲಿಲ್ಲ, ನಾನೇ ಹೇಳಿದ್ದು. ಹತ್ತು ನಿಮಿಷದಲ್ಲಿ ಮುಗಿಯಿತು. ಸೀರೆಯನ್ನೂ ಕೊಟ್ಟೆವು, ಚೆನ್ನಾಗಿಯೇ ಇತ್ತು.

ಮುಂದೆ ಏನಾಯಿತು ಅಂದರೆ, ಒಂದು ಹಲ್ಲು ಹೋದರೆ ಅದರ ಜಾಗ ಸುಮ್ಮನೆ ಖಾಲಿ ಬಿದ್ದಿರುವುದಿಲ್ಲ. ಬಸ್ಸಿನಲ್ಲಿ ಮೂವರ ಸೀಟಿನಿಂದ ನಡುವಿನವರು ಎದ್ದರೆ ಪಕ್ಕದವರು ಸರಿದು ಕೂರುವುದಿಲ್ಲವೇ, ಹಾಗೆ ಹಿಂದಿನ ಹಲ್ಲು ವರ್ಷ ಕಳೆದಂತೆ ಮುಂದಕ್ಕೆ ವಾಲಿತು. ಮೇಲಿನ ಹಲ್ಲಿಗೆ ಕೆಳಗಿನ ಜೊತೆ ತಪ್ಪಿ, ಅದು ಮೆಲ್ಲಗೆ ಕೆಳಕ್ಕೆ ಇಳಿಯಿತು. ವಾಲಿದ ಹಲ್ಲಿನ ಸಂದಿಯಲ್ಲಿ ದಿನಾ ಸೊಪ್ಪಿನ ನಾರು, ತೆಂಗಿನಕಾಯಿ ತುರಿ ಸಿಕ್ಕಿಕೊಳ್ಳುವುದು. ಬ್ರಷ್ ಅಲ್ಲಿಗೆ ಹೋಗುವುದಿಲ್ಲ. ಹದಿನೈದು ವರ್ಷ ನಾನು ಬಲಗಡೆಯಿಂದಲೇ ಅಗಿದಿದ್ದೇನೆ. ಈಗ ಆ ವಾಲಿದ ಹಲ್ಲೂ ಹುಳುಕಾಗಿದೆ. ಅಂದು ಉಳಿಸಿದ ದುಡ್ಡಿಗಿಂತ ಹೆಚ್ಚು ಇಂದು ಎಣಿಸಬೇಕಾಗಿ ಬಂದಿದೆ.

ಆದ್ದರಿಂದ ಸೋದರಿ, ನನ್ನ ಮೊದಲ ಮಾತು ಇದು: ನೋವು ಇದೆ ಎನ್ನುವ ಒಂದೇ ಕಾರಣಕ್ಕೆ ಹಲ್ಲು ಕೀಳಿಸಬೇಡಿ. ಹುಳುಕು ಒಳಗಿನ ನರದವರೆಗೆ ಹೋಗಿದ್ದರೂ, ಬೇರಿನ ತುದಿಯಲ್ಲಿ ಕೀವು ಕಟ್ಟಿದ್ದರೂ, ಬೇರು ಗಟ್ಟಿಯಾಗಿದ್ದು ಮೇಲೆ ಕ್ಯಾಪ್ ನಿಲ್ಲುವಷ್ಟು ಹಲ್ಲು ಉಳಿದಿದ್ದರೆ ರೂಟ್ ಕೆನಾಲ್‌ನಿಂದ ಬಹಳ ಮಟ್ಟಿಗೆ ಉಳಿಸಬಹುದು. ಇದನ್ನು ಕಣ್ಣಿನಿಂದ ನೋಡಿ ಹೇಳಲಾಗುವುದಿಲ್ಲ, ಎಕ್ಸರೇ ಬೇಕು. ಎಕ್ಸರೇ ಇಲ್ಲದೆ ಕೀಳೋಣ ಎಂದವರಿದ್ದರೆ, "ಒಂದು ಫೋಟೋ ತೆಗೆದು ತೋರಿಸಿ, ಯಾಕೆ ಉಳಿಸಲಾಗುವುದಿಲ್ಲ ಅಂತ ಹೇಳಿ" ಎಂದು ಕೇಳಲು ಸಂಕೋಚ ಪಡಬೇಡಿ. ತರಕಾರಿಯವನ ಹತ್ತಿರ ಬದನೆಕಾಯಿ ತಿರುಗಿಸಿ ತಿರುಗಿಸಿ ನೋಡುವ ನಾವು ಡಾಕ್ಟರ ಮುಂದೆ ಮಾತ್ರ ಬಾಯಿ ಮುಚ್ಚಿಕೊಳ್ಳುತ್ತೇವೆ. (ಅಲ್ಲಿ ಬಾಯಿ ತೆರೆಯಲೇಬೇಕಲ್ಲ!)

ಹಾಗಾದರೆ ಕೀಳಿಸಲೇಬೇಕಾದದ್ದು ಯಾವಾಗ? ಹಲ್ಲು ಒಸಡಿನ ಮಟ್ಟಕ್ಕಿಂತ ಕೆಳಗೆ ಕರಗಿಹೋಗಿ, ಕ್ಯಾಪ್ ಹಿಡಿಯಲು ಏನೂ ಉಳಿಯದಿದ್ದಾಗ. ಬಿದ್ದೋ ಪೆಟ್ಟಾಗಿಯೋ ಬೇರೇ ಉದ್ದಕ್ಕೆ ಸೀಳಿದಾಗ. ಒಸಡಿನ ಕಾಯಿಲೆಯಿಂದ ಹಲ್ಲು ಹಿಡಿದ ಮೂಳೆಯೇ ಸವೆದು, ಹಲ್ಲು ಬಹಳ ಅಲ್ಲಾಡುತ್ತಿದ್ದಾಗ. ಇನ್ನು ಕಟ್ಟಕಡೆಯ ಬುದ್ಧಿಹಲ್ಲು. ಅದು ಜಾಗ ಸಾಲದೆ ಅಡ್ಡಡ್ಡ ಮಲಗಿ, ಅರ್ಧ ಒಸಡಿನೊಳಗೇ ಇದ್ದು, ಮೇಲಿನ ಚರ್ಮದಡಿ ಅನ್ನ ಸಿಕ್ಕಿ ಪದೇ ಪದೇ ಬಾತುಕೊಳ್ಳುತ್ತಿದ್ದರೆ, ಅಥವಾ ಮುಂದಿನ ಹಲ್ಲನ್ನು ಹಾಳುಮಾಡುತ್ತಿದ್ದರೆ ತೆಗೆಸುವುದೇ ಮೇಲು. ಏನೂ ತೊಂದರೆ ಕೊಡದೆ ನೆಟ್ಟಗೆ ಬಂದ ಬುದ್ಧಿಹಲ್ಲಿನ ತಂಟೆಗೆ ಹೋಗಬೇಕಾಗಿಲ್ಲ. ಹಲ್ಲು ಸಾಲು ಮಾಡಿಸಲು ತಂತಿ ಹಾಕಿಸುವ ಮಕ್ಕಳಿಗೆ ಜಾಗಕ್ಕಾಗಿ ಒಂದೆರಡು ಒಳ್ಳೆಯ ಹಲ್ಲು ತೆಗೆಯುವುದುಂಟು, ಅದು ಬೇರೆ ಲೆಕ್ಕ.

ಮಕ್ಕಳ ಹಾಲುಹಲ್ಲಿನ ವಿಷಯ ಒಂದು ಮಾತು. "ಹೇಗಿದ್ದರೂ ಬಿದ್ದುಹೋಗುವ ಹಲ್ಲು" ಎಂದು ಹುಳುಕು ಹಾಲುಹಲ್ಲನ್ನು ಅವಸರದಲ್ಲಿ ಕೀಳಿಸಬೇಡಿ. ಹಾಲುಹಲ್ಲು ಮುಂದೆ ಬರುವ ಹಲ್ಲಿಗೆ ಜಾಗ ಕಾದಿಟ್ಟಿರುತ್ತದೆ. ತಾನಾಗಿ ಅಲ್ಲಾಡಿ ಬಿದ್ದದ್ದನ್ನು ಸಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುವುದು ಇದ್ದೇ ಇದೆ.

ನಮ್ಮ ಅತ್ತೆಯವರದು ಅಲ್ಲಾಡುವ ಹಲ್ಲು. ಎಪ್ಪತ್ತೆರಡು ವರ್ಷ, ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ದಿನಕ್ಕೆ ಆರು ಸಲ ಎಲೆ ಅಡಿಕೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಒಸಡಿನ ಕಾಯಿಲೆ ಬೇಗ ಬಲಿಯುತ್ತದೆ. ಒಸಡಿನಲ್ಲಿ ಕೀವಿದ್ದರೆ ಸಕ್ಕರೆಯೂ ಹತೋಟಿಗೆ ಬರುವುದು ಕಷ್ಟ. ಒಂದಕ್ಕೊಂದು ಜೊತೆ. ಮೂರು ತಿಂಗಳಿಂದ ಅವರು ರೊಟ್ಟಿ ಬಿಟ್ಟಿದ್ದರು, ಆಮೇಲೆ ಚಪಾತಿ ಬಿಟ್ಟರು. "ಯಾಕೋ ಹಸಿವಿಲ್ಲ ಕಣೇ" ಅನ್ನೋರು. ಹಸಿವಿಲ್ಲ ಅಂತಲೇ ನಾನೂ ನಂಬಿದೆ. ಒಂದು ದಿನ ಅನ್ನವನ್ನೂ ಕಿವುಚಿ ಕಿವುಚಿ ನುಂಗುತ್ತಿದ್ದುದು ಕಣ್ಣಿಗೆ ಬಿತ್ತು. ಬಾಯಿ ತೆರೆಸಿ ನೋಡಿದರೆ ಹಲ್ಲಿನ ಬುಡದಲ್ಲಿ ಕೀವು. ಮನೆಯ ಹಿರಿಯರು ಊಟ ಕಡಿಮೆ ಮಾಡಿದರೆ ಅವರ ಬಾಯಿ ಒಂದು ಸಲ ನೋಡಿ ಸೋದರಿಯರೇ. ಅವರು ಹೇಳುವುದಿಲ್ಲ.

"ಕೀಳಿಸೋಣ ಅತ್ತೆ" ಅಂದರೆ ಅವರ ಮೊದಲ ಪ್ರಶ್ನೆ: "ಮೇಲಿನದೋ ಕೆಳಗಿನದೋ?" ಕೆಳಗಿನದು ಅಂದೆ. "ಹಾಗಾದ್ರೆ ಆಯ್ತು. ಮೇಲಿನದಾದ್ರೆ ಕಣ್ಣು ಹೋಗುತ್ತೆ" ಅಂದರು! ಈ ಮಾತನ್ನು ನೀವೂ ಕೇಳಿರುತ್ತೀರಿ. ನಮ್ಮ ತಂದೆ ಇದೇ ಭಯಕ್ಕೆ ಮೇಲ್ದವಡೆಯ ಕೀವು ತುಂಬಿದ ಹಲ್ಲನ್ನು ಒಂದು ವರ್ಷ ಇಟ್ಟುಕೊಂಡು ನರಳಿದರು. ಇದು ಬರೀ ಸುಳ್ಳು. ನೋಟದ ನರವೇ ಬೇರೆ, ಹಲ್ಲಿನ ನರವೇ ಬೇರೆ. ವಯಸ್ಸಾದಂತೆ ಹಲ್ಲೂ ಹೋಗುತ್ತದೆ, ಕಣ್ಣೂ ಮಂಜಾಗುತ್ತದೆ. ಎರಡೂ ಒಂದೇ ಕಾಲಕ್ಕೆ ಆಗುವುದನ್ನು ನೋಡಿ ಹಿಂದಿನವರು ಗಂಟು ಹಾಕಿರಬೇಕು. ನಿಜ ಹೇಳಬೇಕೆಂದರೆ, ಕೀವಿನ ಹಲ್ಲನ್ನು ಹಾಗೇ ಬಿಟ್ಟುಕೊಳ್ಳುವುದೇ ಅಪಾಯ. ನಂಜು ಮುಖಕ್ಕೂ ಕುತ್ತಿಗೆಗೂ ಹರಡಬಹುದು.

ಹೋಗುವ ಮುಂಚೆ ಮಾಡಬೇಕಾದ ಮುಖ್ಯ ಕೆಲಸ ಒಂದಿದೆ. ಮನೆಯಲ್ಲಿ ಅವರು ನುಂಗುವ ಮಾತ್ರೆಗಳ ಚೀಟಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಬಿ.ಪಿ., ಸಕ್ಕರೆ, ಹೃದಯದ ತೊಂದರೆ, ಆಸ್ತಮಾ, ಯಾವ ಔಷಧಿ ಮೈಗೆ ಒಗ್ಗುವುದಿಲ್ಲ, ಎಲ್ಲ ಹೇಳಬೇಕು. ಅದರಲ್ಲೂ ರಕ್ತ ತೆಳುವಾಗುವ ಮಾತ್ರೆ. ನಮ್ಮ ಅತ್ತೆಯವರಿಗೆ ಅದೂ ಒಂದಿದೆ. ರಕ್ತ ನಿಲ್ಲುವುದಿಲ್ಲವೇನೋ ಅಂತ ಹೆದರಿ ನಾಲ್ಕು ದಿನ ಮುಂಚೆಯೇ ಅದನ್ನು ನಿಲ್ಲಿಸಿಬಿಡೋಣ ಅಂತ ನಮ್ಮ ಯಜಮಾನರು ಹೊರಟಿದ್ದರು. ಸದ್ಯ, ನಾನು ಫೋನು ಮಾಡಿ ಕೇಳಿದೆ. "ಖಂಡಿತ ನಿಲ್ಲಿಸಬೇಡಿ, ಹಲ್ಲಿನ ರಕ್ತವನ್ನು ಹೊಲಿಗೆ ಹಾಕಿಯಾದರೂ ನಿಲ್ಲಿಸಬಹುದು, ಹೃದಯದಲ್ಲಿ ಹೆಪ್ಪುಗಟ್ಟಿದರೆ ಏನು ಮಾಡ್ತೀರಿ?" ಅಂದರು ಹಲ್ಲಿನ ಡಾಕ್ಟರು. ಹೃದಯದ ಡಾಕ್ಟರನ್ನೂ ಅವರೇ ಕೇಳಿಕೊಂಡರು. ನಿಲ್ಲಿಸುವುದೋ ಬಿಡುವುದೋ ಅವರ ತೀರ್ಮಾನ, ನಮ್ಮದಲ್ಲ. ಹಾಗೆಯೇ ಮೂಳೆ ಸವೆತಕ್ಕೆ ಮಾತ್ರೆಯನ್ನೋ ಇಂಜೆಕ್ಷನ್ನೋ ತೆಗೆದುಕೊಳ್ಳುತ್ತಿರುವ ನಮ್ಮ ವಯಸ್ಸಿನವರು, ಮೇಲ್ಪಟ್ಟವರು ಅದನ್ನೂ ತಪ್ಪದೆ ಹೇಳಿ. ಅವುಗಳಲ್ಲಿ ಕೆಲವು ತೆಗೆದುಕೊಂಡವರಿಗೆ ಹಲ್ಲು ಕಿತ್ತ ಜಾಗದ ಮೂಳೆ ಮಾಯುವುದು ತಡವಾಗಬಹುದು. ಬಸುರಿಯರು ಬಸುರಿ ಎಂದು ಮೊದಲೇ ತಿಳಿಸಬೇಕು. ಅವಸರವಿಲ್ಲದ ಕೆಲಸವಾದರೆ ನಾಲ್ಕರಿಂದ ಆರು ತಿಂಗಳ ನಡುವೆ ಅನುಕೂಲ. ಕೀವು, ಜ್ವರ ಇದ್ದರೆ ಮಾತ್ರ ಯಾವ ತಿಂಗಳಾದರೂ ಕಾಯಬಾರದು.

ಇನ್ನೊಂದು, ಬರೀ ಹೊಟ್ಟೆಯಲ್ಲಿ ಹೋಗಬೇಡಿ. ಪೂರ್ತಿ ಮತ್ತು ಬರಿಸುವುದಾದರೆ ಡಾಕ್ಟರೇ ಉಪವಾಸ ಹೇಳುತ್ತಾರೆ. ಬರೀ ಒಸಡಿಗೆ ಚುಚ್ಚುವುದಾದರೆ ಚೆನ್ನಾಗಿ ತಿಂಡಿ ತಿಂದು, ಹಲ್ಲುಜ್ಜಿ ಹೋಗಬೇಕು. ಆಮೇಲೆ ಕೆಲವು ಗಂಟೆ ತಿನ್ನಲಾಗುವುದಿಲ್ಲ. ಸಕ್ಕರೆ ಕಾಯಿಲೆಯವರಿಗಂತೂ ಬೆಳಗಿನ ಹೊತ್ತೇ ಸರಿ, ತಿಂಡಿ ಮಾತ್ರೆ ಎರಡೂ ಮುಗಿಸಿಕೊಂಡು.

ಕೀಳುವಾಗ ನೋಯುತ್ತದೆಯೇ? ಚುಚ್ಚುವಾಗ ಇರುವೆ ಕಡಿದಂತೆ. ಆಮೇಲೆ ತುಟಿ, ಕೆನ್ನೆ ದಪ್ಪ ಆದ ಹಾಗೆ ಜೋಮು ಹಿಡಿಯುತ್ತದೆ. ಅದುಮುವುದು, ಅಲ್ಲಾಡಿಸುವುದು ಗೊತ್ತಾಗುತ್ತದೆ, ಒಂದು ಲಟ್ ಶಬ್ದವೂ ಕೇಳಿಸಬಹುದು, ಆದರೆ ನೋವಿಲ್ಲ. ನೋವಾದರೆ ಕೈ ಎತ್ತಿ, ಇನ್ನಷ್ಟು ಔಷಧಿ ಹಾಕುತ್ತಾರೆ. ನನ್ನ ಮಗಳು ಬಿ.ಫಾರ್ಮ ಮೊದಲ ವರ್ಷ ಓದುತ್ತಿದ್ದಾಳೆ. ಅವಳು ಹೇಳಿದ್ದು: ನೋವಿಲ್ಲದೆ ಹಲ್ಲು ಕೀಳಬಹುದೇ ಎಂದು ನೋಡಲು ಅಮೆರಿಕದ ಹೊರೇಸ್ ವೆಲ್ಸ್ ಎಂಬ ಹಲ್ಲಿನ ಡಾಕ್ಟರು 1844ರ ಡಿಸೆಂಬರಿನಲ್ಲಿ ನಗೆ ಅನಿಲ ಎಳೆದುಕೊಂಡು ತನ್ನ ಹಲ್ಲನ್ನೇ ಕೀಳಿಸಿಕೊಂಡನಂತೆ! ಈಗ ಚುಚ್ಚುವ ಲಿಗ್ನೊಕೇನ್ ಎಂಬ ಔಷಧಿ ಸ್ವೀಡನ್ ದೇಶದಲ್ಲಿ 1943ರಲ್ಲಿ ತಯಾರಾದದ್ದು. ಅದಕ್ಕೂ ಮುಂಚಿನ ನಮ್ಮ ಮುತ್ತಜ್ಜಿಯರು ಏನು ಮಾಡುತ್ತಿದ್ದರೋ, ನೆನೆದರೆ ಮೈ ಜುಂ ಅನ್ನುತ್ತದೆ.

ಸೋದರಿಯರೇ, ಕೀಳುವುದು ಡಾಕ್ಟರ ಕೆಲಸ. ಕಿತ್ತ ಮೇಲೆ ಕಾಪಾಡುವುದು ನಮ್ಮ ಕೆಲಸ. ಹಲ್ಲು ಹೋದ ಗುಳಿಯಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪೇ ಅಲ್ಲಿಯ ಮುಚ್ಚಳ, ಅದೇ ಬ್ಯಾಂಡೇಜು. ಅದರಡಿಯೇ ಹೊಸ ಚರ್ಮ, ಹೊಸ ಮೂಳೆ ಬೆಳೆಯಬೇಕು. ಹಾಲಿಗೆ ಹೆಪ್ಪು ಹಾಕಿದ ಮೇಲೆ ಪಾತ್ರೆ ಅಲುಗಾಡಿಸುತ್ತೇವೆಯೇ? ಸೌಟು ಹಾಕಿ ನೋಡುತ್ತೇವೆಯೇ? ಇದೂ ಹಾಗೆಯೇ. ಮೊದಲ ದಿನ ಪೂರ್ತಿ ಅದನ್ನು ಅದರ ಪಾಡಿಗೆ ಬಿಟ್ಟುಬಿಡಬೇಕು.

ಗುಳಿಯ ಮೇಲೆ ಇಟ್ಟ ಗಾಜ್ ಬಟ್ಟೆಯನ್ನು ಮುಕ್ಕಾಲು ಗಂಟೆ ಹೊತ್ತು ಗಟ್ಟಿಯಾಗಿ ಕಚ್ಚಿಕೊಂಡಿರಬೇಕು. ಐದೈದು ನಿಮಿಷಕ್ಕೆ ತೆಗೆದು "ನಿಂತಿತಾ?" ಅಂತ ನೋಡಬಾರದು, ಮಾತಾಡಬಾರದು. ಎಂಜಲು ಬಂದರೆ ನುಂಗಿಕೊಳ್ಳಬೇಕು, ಉಗುಳಬಾರದು. ಉಗುಳುವಾಗಿನ ಎಳೆತಕ್ಕೆ ಹೆಪ್ಪು ಕಿತ್ತು ಬರುತ್ತದೆ. ಅದೇ ಕಾರಣಕ್ಕೆ ಎಳನೀರು, ಜ್ಯೂಸು ಏನೇ ಆಗಲಿ ಸ್ಟ್ರಾ ಹಾಕಿ ಕುಡಿಯಬಾರದು, ಮೊದಲ ದಿನ ಬಾಯಿ ಮುಕ್ಕಳಿಸಬಾರದು. ಎಂಜಲು ಒಂದು ದಿನ ಸ್ವಲ್ಪ ಕೆಂಪಗೆ ಬರುವುದು ಸಹಜ. ಚಮಚ ರಕ್ತಕ್ಕೆ ಬಾಯಿ ತುಂಬ ಎಂಜಲು ಕೆಂಪಾಗಿ ಕಾಣುತ್ತದೆ, ಹೆದರಬೇಡಿ. ಮತ್ತೆ ಒಸರಿದರೆ ಶುದ್ಧವಾದ ಗಾಜ್ ಬಟ್ಟೆಯನ್ನು ಒದ್ದೆ ಮಾಡಿ ಮಡಿಸಿ, ಇನ್ನೊಂದು ಅರ್ಧ ಗಂಟೆ ಕಚ್ಚಿಕೊಳ್ಳಿ. ಹತ್ತಿ ತುರುಕಬೇಡಿ, ಎಳೆ ಒಳಗೆ ಅಂಟಿಕೊಳ್ಳುತ್ತದೆ. ಅರಿಸಿನ, ಕಾಫಿ ಪುಡಿ, ಸುಣ್ಣ, ಇವು ಯಾವುದನ್ನೂ ಗುಳಿಗೆ ಒತ್ತಬೇಡಿ.

ಜೋಮು ಇಳಿಯಲು ಎರಡರಿಂದ ನಾಲ್ಕು ಗಂಟೆ ಬೇಕು. ಅಲ್ಲಿಯವರೆಗೆ ಅಗಿಯುವಂಥದ್ದೇನೂ ಬೇಡ. ಗೊತ್ತಾಗದೆ ತುಟಿ, ಕೆನ್ನೆ ಕಚ್ಚಿಕೊಳ್ಳುತ್ತೇವೆ. ಮಕ್ಕಳಂತೂ ಆಟಕ್ಕೆ ಕಚ್ಚಿಕೊಂಡು ಹುಣ್ಣು ಮಾಡಿಕೊಳ್ಳುತ್ತವೆ, ಪಕ್ಕದಲ್ಲೇ ಕೂತಿರಬೇಕು.

ಇಷ್ಟೆಲ್ಲ ನಮ್ಮ ಅತ್ತೆಯವರಿಗೆ ಡಾಕ್ಟರೂ ಹೇಳಿದರು, ನಾನೂ ಹೇಳಿದೆ. ಎಲೆ ಅಡಿಕೆ ಹೊಗೆಸೊಪ್ಪು ಕಡೇ ಪಕ್ಷ ಒಂದು ವಾರ ಬೇಡ ಎಂದು ಅವರ ಎಲೆ ತಟ್ಟೆಯನ್ನು ಅಟ್ಟದ ಮೇಲಿಟ್ಟೆ. ಮೊದಲ ದಿನ ಚೆನ್ನಾಗಿಯೇ ಇದ್ದರು. ಎರಡನೇ ದಿನವೂ ಗಂಜಿ ಕುಡಿದರು. ಮೂರನೇ ದಿನ ರಾತ್ರಿ ಕಿವಿಯವರೆಗೂ ಎಳೆಯುವ ನೋವು. ಮಾತ್ರೆ ಕೊಟ್ಟರೂ ಬಗ್ಗಲಿಲ್ಲ. ಬಾಯಲ್ಲಿ ಕೆಟ್ಟ ವಾಸನೆ. "ಆ ಡಾಕ್ಟ್ರು ಏನೋ ತುಂಡು ಒಳಗೇ ಬಿಟ್ಟಿದಾನೆ" ಅಂತ ಬೈಯುತ್ತ ಕೂತರು. ಟಾರ್ಚು ಬಿಟ್ಟು ನೋಡಿದೆ. ಗುಳಿಯಲ್ಲಿ ಕಪ್ಪು ಹೆಪ್ಪು ಇರಲೇ ಇಲ್ಲ. ಖಾಲಿ ತೂತು, ತಳದಲ್ಲಿ ಬೆಳ್ಳಗೆ ಮೂಳೆ.

ಇದಕ್ಕೆ ಡ್ರೈ ಸಾಕೆಟ್ ಅನ್ನುತ್ತಾರೆ. ಹೆಪ್ಪು ಕಳಚಿ ಒಳಗಿನ ಮೂಳೆಗೆ ಗಾಳಿ, ನೀರು, ಅನ್ನ ತಗುಲುವುದು. ಕೆಳದವಡೆಯಲ್ಲಿ, ಅದರಲ್ಲೂ ಬುದ್ಧಿಹಲ್ಲು ತೆಗೆಸಿದವರಲ್ಲಿ ಹೆಚ್ಚು. ಬೀಡಿ ಸಿಗರೇಟು ಸೇದುವವರಿಗೆ, ಗರ್ಭನಿರೋಧಕ ಮಾತ್ರೆ ನುಂಗುವ ಹೆಂಗಸರಿಗೂ ಸ್ವಲ್ಪ ಹೆಚ್ಚು. ಗುರುತು ಸುಲಭ: ದಿನ ಕಳೆದಂತೆ ಕಡಿಮೆಯಾಗಬೇಕಾದ ನೋವು ಎರಡು ಮೂರನೇ ದಿನ ಜಾಸ್ತಿಯಾಗುತ್ತದೆ. ಬೆಳಗಾಗುತ್ತಲೇ ಕರೆದುಕೊಂಡು ಹೋದೆವು. ಡಾಕ್ಟರು ಗುಳಿಯನ್ನು ಮೆತ್ತಗೆ ತೊಳೆದು, ಲವಂಗದ ವಾಸನೆಯ ಔಷಧಿಯ ಬತ್ತಿ ಇಟ್ಟರು. ಅರ್ಧ ಗಂಟೆಯಲ್ಲಿ ಅತ್ತೆಯವರ ಮುಖ ಅರಳಿತು. "ಲವಂಗದೆಣ್ಣೆ ಮನೇಲೇ ಇತ್ತಲ್ಲ, ನೀನೇ ಹಾಕಬಾರದಿತ್ತೇ?" ಅಂತ ನನ್ನನ್ನೇ ಕೇಳಿದರು. ಬಾರದು. ಬರೀ ಲವಂಗದೆಣ್ಣೆ ಬಿದ್ದರೆ ಚರ್ಮ ಸುಡುತ್ತದೆ. ತೊಳೆಯದೆ ಹಾಕಿದರೆ ಕೊಳೆಯನ್ನೇ ಒಳಗಿಟ್ಟು ಮುಚ್ಚಿದಂತೆ.

ವಾಪಸು ಬರುವಾಗ ಆಟೋದಲ್ಲಿ ಮೆಲ್ಲಗೆ ಬಾಯಿ ಬಿಟ್ಟರು. ಎರಡನೇ ದಿನ ಮಧ್ಯಾಹ್ನ ನಾನು ನಿದ್ದೆ ಹೋದಾಗ ಸೆರಗಿನ ಗಂಟಿನಲ್ಲಿದ್ದ ಒಂದೇ ಒಂದು ಬಟ್ಟಡಿಕೆ ಹಾಕಿಕೊಂಡು ಹಿತ್ತಿಲಲ್ಲಿ ಉಗುಳಿ ಬಂದಿದ್ದರಂತೆ. "ಒಂದೇ ಕಣೇ, ಬಾಯಿ ಜಡ್ಡುಗಟ್ಟಿತ್ತು" ಅಂದರು. ಬೈಯೋಣ ಅಂತಿದ್ದವಳು ನಕ್ಕುಬಿಟ್ಟೆ. ನಮ್ಮ ಯಜಮಾನರಿಗೆ ಮಾತ್ರ ಇಬ್ಬರೂ ಹೇಳಲಿಲ್ಲ. ಈಗ ಓದಿ ತಿಳಿದುಕೊಳ್ಳಲಿ.

ಇನ್ನು ಉಪಚಾರ. ಮೊದಲ ದಿನ ಐಸನ್ನು ಬಟ್ಟೆಯಲ್ಲಿ ಸುತ್ತಿ ಕೆನ್ನೆಯ ಹೊರಗಡೆ ಹದಿನೈದು ನಿಮಿಷ ಇಟ್ಟು, ಹದಿನೈದು ನಿಮಿಷ ತೆಗೆದು, ಹೀಗೆ ನಾಲ್ಕಾರು ಸಲ ಮಾಡಿ. ಬಾವು ಎರಡು ಮೂರನೇ ದಿನ ಜಾಸ್ತಿ ಕಂಡು ಆಮೇಲೆ ಇಳಿಯುತ್ತದೆ. ರಾತ್ರಿ ಎರಡು ದಿಂಬು ಹಾಕಿಕೊಂಡು ತಲೆ ಎತ್ತರದಲ್ಲಿರಲಿ. ಆ ದಿನ ಬಗ್ಗಿ ನೆಲ ಒರೆಸುವುದು, ನೀರು ಸೇದುವುದು, ಭಾರದ ಕುಕ್ಕರು ಎತ್ತುವುದು ಬೇಡ. ರಕ್ತ ಮತ್ತೆ ಒಸರುತ್ತದೆ. ಇದನ್ನು ಗಂಡಸರಿಗೆ ಹೇಳಬೇಕಾಗಿಲ್ಲ, ಅವರು ಹೇಗೂ ಮಲಗಿರುತ್ತಾರೆ. ಹೇಳಬೇಕಾದದ್ದು ನಮಗೆ. ಹಲ್ಲು ಕಿತ್ತ ದಿನ ಸಂಜೆ ನಾನು ನೆಂಟರಿಗೆ ಹೋಳಿಗೆ ತಟ್ಟಿದ್ದೆ, ಬೆಂಕಿಯ ಮುಂದೆ ನಿಂತು. ರಾತ್ರಿ ದಿಂಬೆಲ್ಲ ಕೆಂಪಾಗಿತ್ತು.

ಇಪ್ಪತ್ತನಾಲ್ಕು ಗಂಟೆ ಕಳೆದ ಮೇಲೆ, ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ, ಪ್ರತಿ ಊಟವಾದ ಮೇಲೂ ಮಲಗುವ ಮುಂಚೆಯೂ ಬಾಯಲ್ಲಿಟ್ಟುಕೊಂಡು ತಲೆ ಅತ್ತಿತ್ತ ವಾಲಿಸಿ, ಬಾಯಿ ತೆರೆದು ಹಾಗೇ ಬೀಳಿಸಬೇಕು. ಗಳಗಳ ಮುಕ್ಕಳಿಸುವುದಲ್ಲ. ಉಳಿದ ಹಲ್ಲುಗಳನ್ನು ಉಜ್ಜಬೇಕು, ಗುಳಿಯ ಹತ್ತಿರ ಮಾತ್ರ ಹೋಗಬಾರದು. ನಾಲಿಗೆ ತುದಿ ಸುಮ್ಮನಿರುವುದಿಲ್ಲ, ಅಲ್ಲಿಗೇ ಹೋಗುತ್ತದೆ, ತಡೆಯಿರಿ. ಗುಳಿಯ ಮೇಲೆ ಒಂದೆರಡು ದಿನಕ್ಕೆ ಬೆಳ್ಳಗೆ ಪೊರೆ ಕಾಣುವುದು ಮಾಯುತ್ತಿರುವ ಗುರುತು, ಕೀವೆಂದು ಕೆರೆಯಬೇಡಿ.

ಈಗ ನಮ್ಮ ಅಡಿಗೆಮನೆಗೆ ಬರೋಣ. ಮೊದಲ ದಿನ ತಣ್ಣಗಿನದು, ಮೆತ್ತಗಿನದು. ಬಿಸಿ ಕಾಫಿಯೂ ಬೇಡ, ಆರಿಸಿ ಕುಡಿಯಿರಿ. ನಮ್ಮಲ್ಲಿ ಮಾಡಿದ್ದು ರಾಗಿ ಅಂಬಲಿ. ಎರಡು ದೊಡ್ಡ ಚಮಚ ರಾಗಿ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ಒಂದೂವರೆ ಲೋಟ ನೀರಿಗೆ ಹುಯ್ದು, ಕೈಯಾಡಿಸುತ್ತ ಏಳೆಂಟು ನಿಮಿಷ ಬೇಯಿಸಿ. ಪೂರ್ತಿ ಆರಿದ ಮೇಲೆ ಒಂದು ಲೋಟ ಹುಳಿಯಿಲ್ಲದ ಮಜ್ಜಿಗೆ, ಚಿಟಿಕೆ ಉಪ್ಪು ಬೆರೆಸಿ. ಹಸಿಮೆಣಸಿನಕಾಯಿ, ಈರುಳ್ಳಿ ಹಾಕದಿರಿ. ಲೋಟದಿಂದಲೇ ಕುಡಿಯಬೇಕು.

ಎರಡನೇ ದಿನದಿಂದ ಹೆಸರುಬೇಳೆ ಹುಗ್ಗಿ. ಅರ್ಧ ಪಾವು ಅಕ್ಕಿಗೆ ಕಾಲು ಪಾವು ಹೆಸರುಬೇಳೆ, ಚಿಟಿಕೆ ಅರಿಸಿನ, ಆರರಷ್ಟು ನೀರು. ಕುಕ್ಕರಿನಲ್ಲಿ ಐದು ಕೂಗು ಕೂಗಿಸಿ, ಸೌಟಿನಿಂದ ಚೆನ್ನಾಗಿ ಮಸೆದು, ಒಂದು ಚಮಚ ತುಪ್ಪ, ಉಪ್ಪು. ಮೆಣಸು, ಜೀರಿಗೆ, ಗೋಡಂಬಿ ಈ ಸಲ ರಜ. ಮೊಸರನ್ನವೂ ಆಗಬಹುದು. ಆದರೆ ಸಾಸಿವೆ ಒಗ್ಗರಣೆ ಹಾಕಬೇಡಿ ಸೋದರಿಯರೇ! ಒಂದು ಸಾಸಿವೆ ಕಾಳು ಆ ಗುಳಿಗೆ ಬಿದ್ದರೆ ಎರಡು ದಿನ ನೆಮ್ಮದಿಯಿಲ್ಲ. ಇದು ಯಾವ ಡಾಕ್ಟರೂ ಹೇಳುವುದಿಲ್ಲ, ಅನುಭವದ ಮಾತು. ರವೆ, ಎಳ್ಳು, ಅವಲಕ್ಕಿ ಚೂರು ಕೂಡ ಹಾಗೆಯೇ. ಹಾಲಿನಲ್ಲಿ ನೆನೆಸಿದ ಇಡ್ಲಿ, ಕಿವುಚಿದ ಬಾಳೆಹಣ್ಣು, ಮೊಟ್ಟೆ ತಿನ್ನುವವರಿಗೆ ಮೆತ್ತಗೆ ಬೇಯಿಸಿದ ಮೊಟ್ಟೆ ಒಳ್ಳೆಯದು. ಸಕ್ಕರೆ ಕಾಯಿಲೆಯವರು ಹಲ್ಲು ನೋವೆಂದು ಊಟ ಬಿಟ್ಟು ಮಾತ್ರೆ ಮಾತ್ರ ನುಂಗಬಾರದು, ಸಕ್ಕರೆ ಕುಸಿದು ತಲೆ ಸುತ್ತೀತು. ಒಂದು ವಾರ ಇನ್ನೊಂದು ಕಡೆಯಿಂದಲೇ ಅಗಿಯುವುದು.

ಮಾತ್ರೆಯ ವಿಷಯ. ಜೋಮು ಇಳಿಯುವ ಮುಂಚೆಯೇ ಡಾಕ್ಟರು ಹೇಳಿದ ನೋವಿನ ಮಾತ್ರೆ ತೆಗೆದುಕೊಂಡರೆ ನೋವು ಏರುವುದಿಲ್ಲ. ಸಾಮಾನ್ಯವಾಗಿ ಪ್ಯಾರಸಿಟಮಾಲೇ ಸಾಕಾಗುತ್ತದೆ. ನೋವಿಗೆಂದು ನೀವಾಗಿಯೇ ಆಸ್ಪಿರಿನ್ ನುಂಗಬೇಡಿ, ರಕ್ತ ನಿಲ್ಲುವುದು ತಡವಾಗುತ್ತದೆ. (ಹೃದಯಕ್ಕೆಂದು ಬರೆದುಕೊಟ್ಟದ್ದು ಬೇರೆ.) ಅದನ್ನು ಒಸಡಿಗೆ ಒತ್ತಿಟ್ಟುಕೊಳ್ಳುವ ಅಭ್ಯಾಸವೂ ಕೆಲವರಿಗಿದೆ, ಚರ್ಮ ಬೆಂದುಹೋಗುತ್ತದೆ. ಪಕ್ಕದ ಮನೆಯವರಿಗೆ ಕೊಟ್ಟ ಆಂಟಿಬಯಾಟಿಕ್ ನಿಮಗೆ ಬೇಡ. ಎಲ್ಲರಿಗೂ ಅದು ಬೇಕಾಗುವುದೂ ಇಲ್ಲ. ಕೊಟ್ಟಿದ್ದರೆ ಹೇಳಿದಷ್ಟು ದಿನ ಪೂರ್ತಿ ನುಂಗಿ.

ತಡಮಾಡದೆ ಓಡಬೇಕಾದದ್ದು ಯಾವಾಗ ಎಂಬುದನ್ನು ಮಾತ್ರ ಮರೆಯಬೇಡಿ. ಗಾಜ್ ಕಚ್ಚಿ ಒಂದು ಗಂಟೆಯಾದರೂ ರಕ್ತ ನಿಲ್ಲದೆ ಬಾಯಿ ತುಂಬುತ್ತಿದ್ದರೆ, ಮೂರು ದಿನದ ಮೇಲೂ ಬಾವು ಏರುತ್ತಿದ್ದರೆ, ಚಳಿ ಜ್ವರ ಬಂದರೆ, ಕೀವು ಬಂದರೆ ಡಾಕ್ಟರಲ್ಲಿಗೆ ಹೋಗಿ. ಬಾವು ಗಲ್ಲದಡಿಗೆ, ಕುತ್ತಿಗೆಗೆ ಇಳಿದು, ನುಂಗಲು, ಉಸಿರಾಡಲು, ನಾಲಿಗೆ ಆಡಿಸಲು ಕಷ್ಟವಾದರೆ ಹಲ್ಲಿನ ಶಾಪಿನ ಬಾಗಿಲು ತೆರೆಯಲೆಂದು ಕಾಯಬೇಡಿ. ಅರ್ಧ ರಾತ್ರಿಯಾದರೂ ದೊಡ್ಡ ಆಸ್ಪತ್ರೆಗೇ ಹೋಗಬೇಕು, ಪ್ರಾಣಕ್ಕೆ ಅಪಾಯ. ಕೀಳಿಸದೆ ಬಿಟ್ಟ ಕೀವಿನ ಹಲ್ಲಿನಿಂದಲೂ ಹೀಗಾಗಬಹುದು. ಅಂಥ ಬಾವಿಗೆ ಬಿಸಿ ಶಾಖ ಕೊಡುತ್ತ ಮನೆಯಲ್ಲಿ ಕೂರಬೇಡಿ.

ಎಲ್ಲ ಸರಿಹೋದರೆ ಒಸಡು ಎರಡು ಮೂರು ವಾರದಲ್ಲಿ ಮುಚ್ಚಿಕೊಳ್ಳುತ್ತದೆ. ಒಳಗಿನ ಮೂಳೆ ತುಂಬಲು ತಿಂಗಳುಗಳೇ ಬೇಕು. ಕರಗುವ ದಾರವಲ್ಲದಿದ್ದರೆ ಹೊಲಿಗೆ ಬಿಚ್ಚಿಸಲು ವಾರದೊಳಗೆ ಕರೆಯುತ್ತಾರೆ. ಆಗಲೇ ಕೇಳಿಬಿಡಿ, ಖಾಲಿ ಜಾಗಕ್ಕೆ ಏನು ಮಾಡಬೇಕು ಅಂತ. ಬುದ್ಧಿಹಲ್ಲಾದರೆ ಏನೂ ಬೇಡ. ಬೇರೆ ದವಡೆ ಹಲ್ಲಾದರೆ ತೆಗೆದು ಹಾಕುವ ಹಲ್ಲು, ಪಕ್ಕದ ಎರಡು ಹಲ್ಲಿಗೆ ಕಟ್ಟುವ ಬ್ರಿಡ್ಜ್, ಮೂಳೆಗೇ ಕೂರಿಸುವ ಇಂಪ್ಲಾಂಟ್, ಹೀಗೆ ಅವರವರ ಶಕ್ತಿಗೆ ತಕ್ಕಂತೆ ದಾರಿಗಳಿವೆ. ಇದನ್ನು ಅಂದು ನಾನು ಕೇಳಲಿಲ್ಲ.

ತಿಪಟೂರಿನ ಸೋದರಿ, ನಿಮ್ಮ ಎಕ್ಸರೇಯನ್ನು ಉಳಿಸಬಹುದು ಅಂದ ಡಾಕ್ಟರಿಗೇ ಮತ್ತೊಮ್ಮೆ ತೋರಿಸಿ, ಬೇರು ಹೇಗಿದೆ, ಒಸಡು ಹೇಗಿದೆ, ಕ್ಯಾಪ್ ನಿಲ್ಲುತ್ತದೆಯೇ ಎಂದು ಮೂರು ಪ್ರಶ್ನೆ ಕೇಳಿ. ಮೂರಕ್ಕೂ ಒಳ್ಳೆಯ ಉತ್ತರ ಬಂದರೆ ಕೀಳಿಸಬೇಡಿ. ದುಡ್ಡಿನ ಚಿಂತೆಗೆ ಒಂದು ದಾರಿ ಇದೆ. ಡೆಂಟಲ್ ಕಾಲೇಜಿನ ಆಸ್ಪತ್ರೆಗಳಲ್ಲಿ ಹೊರಗಿಗಿಂತ ಖರ್ಚು ಬಹಳ ಕಡಿಮೆ. ಕಲಿಯುವ ಮಕ್ಕಳು ಮಾಡುತ್ತಾರೆ, ದೊಡ್ಡ ಡಾಕ್ಟರು ಪಕ್ಕದಲ್ಲಿ ನಿಂತು ನೋಡುತ್ತಾರೆ. ಹೊತ್ತು ಹಿಡಿಯುತ್ತದೆ, ನಾಲ್ಕು ಸಲ ಓಡಾಡಬೇಕು, ಅಷ್ಟೇ. ಬೆಂಗಳೂರಿನಲ್ಲಿ 1958ರಲ್ಲಿ ಶುರುವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ, ನಿಮಗೆ ಹತ್ತಿರದ ತುಮಕೂರಿನಲ್ಲೂ ಡೆಂಟಲ್ ಕಾಲೇಜಿದೆ. ಬಾಯಲ್ಲಿ ಇನ್ನೂ ಇಪ್ಪತ್ತೇಳಿವೆ ಅನ್ನುವ ನಿಮ್ಮ ಮನೆಯವರಿಗೆ ಈ ಪುಟವನ್ನು ಓದಲು ಕೊಡಿ.

ನಾನು ಬರುವ ಗುರುವಾರ ನನ್ನ ವಾಲಿದ ಹಲ್ಲು ತೋರಿಸಲು ಹೋಗುತ್ತಿದ್ದೇನೆ. ಸ್ವಲ್ಪ ಎತ್ತಿ ನಿಲ್ಲಿಸಿ ಉಳಿಸಬಹುದೇನೋ ಅಂತ ಆಸೆ. ಮಗಳ ಕಾಲೇಜು ಫೀಸಿನ ತಿಂಗಳು ಇದು, ಆದರೂ ಹೋಗುತ್ತೇನೆ. ಅತ್ತೆಯವರು ನಿನ್ನೆಯಿಂದ ಚಪಾತಿ ತಿನ್ನುತ್ತಿದ್ದಾರೆ, ಹಾಲಿನಲ್ಲಿ ನೆನೆಸಿಕೊಂಡು. ಎಲೆ ತಟ್ಟೆ ಇನ್ನೂ ಅಟ್ಟದ ಮೇಲೇ ಇದೆ. ಸಂಡಿಗೆ ಮುಂದಿನ ಸಂಚಿಕೆಗೆ.